ಶಹಾಬಾದದಿಂದ ಚಿಂಚೋಳಿಗೆ ಒಂದು ಮುಳ್ಳಿನ ಬೆನ್ನು ಹತ್ತಿ

ಕಲಬುರಗಿ ಜಿಲ್ಲೆಯ ಶಹಾಬಾದವೆಂದರೆ ಮೊದಲು ನೆನಪಿಗೆ ಬರುವುದು ಕಲ್ಲು. ಭೀಮಾ ನದಿಯ ಸೀಮೆಯ ಈ ಸುಣ್ಣದ ಕಲ್ಲು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಎದ್ದು ಬರುತ್ತದೆ. ಇಲ್ಲಿ ಮನೆಯ ನೆಲಕ್ಕೂ ಅದೇ, ಗೋಡೆಗೂ ಅದೇ, ಹೊಲದ ಬೇಲಿಗೂ ಅದೇ. ಕರ್ನಾಟಕದ ಎಷ್ಟೋ ಶಾಲೆಗಳ ಮಕ್ಕಳು ಈ ಕಲ್ಲಿನ ನೆಲದ ಮೇಲೆ ಕುಳಿತೇ ಮಗ್ಗಿ ಕಲಿತಿದ್ದಾರೆ. ಕಲ್ಲು ಕೊರೆಯುವ ಗರಗಸದ ಸದ್ದು ಬೆಳಗಿನಿಂದಲೇ ಊರನ್ನು ಎಬ್ಬಿಸುತ್ತದೆ. ಜೊತೆಗೆ ಬೂದುಬಣ್ಣದ ಧೂಳು. ಅದು ಬೇವಿನ ಎಲೆಯ ಮೇಲೆ, ಅಂಗಡಿಯ ಫಲಕದ ಮೇಲೆ, ಕಡೆಗೆ ವಾಹನಗಳ ಹೊಟ್ಟೆಯೊಳಗೂ ಹೋಗಿ ಕೂರುತ್ತದೆ.

ಈ ಲೇಖನಕ್ಕೆ ಕಾರಣವಾದದ್ದು ಹೀಗೆ ಹೊಟ್ಟೆಯೊಳಗೆ ಹೋದ ಧೂಳು.

ಊರಿನ ರೈಲ್ವೆ ನಿಲ್ದಾಣದಿಂದ ಅಷ್ಟೇನೂ ದೂರವಲ್ಲದ ಒಂದು ಅಂಗಳದಲ್ಲಿ 1970ರ ದಶಕದ ಒಂದು ಅಂಬಾಸಡರ್ ಕಾರು ಇದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಿಂದ ಹುಟ್ಟಿ, ಬಂಗಾಳದ ಉತ್ತರಪಾರಾದ ಹಿಂದುಸ್ತಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ 2014ರವರೆಗೂ ತಯಾರಾದ ಈ ಕಾರನ್ನು ಈಗಿನ ಮಕ್ಕಳು ಸಿನಿಮಾದಲ್ಲಿ ನೋಡಿ ಗುರುತು ಹಿಡಿಯುತ್ತಾರೆ. ಅಂಗಳದ ಕಾರಿನ ಯಜಮಾನರು ಸಿಮೆಂಟ್ ಗಿರಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರು. ಕಲ್ಲು ಪುಡಿ ಮಾಡುವ ಯಂತ್ರದ ಪಕ್ಕದಲ್ಲಿ ಮೂವತ್ತು ವರ್ಷ ನಿಂತಿದ್ದರಿಂದ ಕಿವಿ ಮಂದವಾಗಿದೆ. ಹಿಂದೆ ಅವರಿಗೆ ಸ್ಪೀಡೋಮೀಟರ್ ಬೇಕೇ ಇರಲಿಲ್ಲ. ಟಾಪ್ ಗೇರಿನಲ್ಲಿ ಎಂಜಿನ್ನಿನ ದನಿ ಕೇಳಿಯೇ ಇದು ನಲವತ್ತು, ಇದು ಐವತ್ತು ಎಂದು ಹೇಳುತ್ತಿದ್ದರು. ಆ ದನಿ ಈಗ ಅವರಿಗೆ ತಲುಪುವುದಿಲ್ಲ. ಹಾಗಾಗಿ ಈ ಇಳಿವಯಸ್ಸಿನಲ್ಲಿ ಮೊದಲ ಬಾರಿಗೆ ಮುಳ್ಳಿನ ಮಾತು ನಂಬಬೇಕಾಗಿ ಬಂದಿತ್ತು. ಆ ಮುಳ್ಳೋ, ಜಾತ್ರೆಯಲ್ಲಿ ಕುಣಿಯುವ ಬೊಂಬೆಯಂತೆ ಇಪ್ಪತ್ತು ಅರವತ್ತರ ನಡುವೆ ಕುಣಿಯುತ್ತಿತ್ತು.

ಇನ್ನೊಂದು ತೊಡಕೂ ಇತ್ತು. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ಒಡ್ಡಿ ನವೀಕರಿಸಬೇಕು. ವಾಹನಕ್ಕೆ ವೇಗ ತೋರಿಸುವ ಸಾಧನ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 117ನೇ ನಿಯಮ ಹೇಳುತ್ತದೆ. ಬೆಂಗಳೂರಿನಲ್ಲಿರುವ ಮಗ ಗುಜರಿಗೆ ಹಾಕಿಬಿಡಿ ಎಂದು ಎರಡು ವರ್ಷದಿಂದ ಹೇಳುತ್ತಲೇ ಇದ್ದ. ದ್ವಿತೀಯ ಪಿಯುಸಿ ಓದುವ ಮೊಮ್ಮಗ ಮಾತ್ರ ಅಜ್ಜನ ಪಕ್ಷ. ಅಜ್ಜಿಯ ತವರು ಚಿಂಚೋಳಿ. ತೊಗರಿ ಹೂ ಬಿಡುವ ಹೊತ್ತಿಗೆ ವರ್ಷಕ್ಕೊಮ್ಮೆ ಅಲ್ಲಿಗೆ ಇದೇ ಕಾರಿನಲ್ಲಿ ಹೋಗಿಬರುವುದು ಆ ಮನೆಯ ವಾಡಿಕೆ. ಈ ವರ್ಷ ಹೋಗುವುದೋ ಬಿಡುವುದೋ ಎಂಬುದು ಒಂದು ಮುಳ್ಳಿನ ಮೇಲೆ ನಿಂತಿತ್ತು.

ಮುಂದೆ ಹೋಗುವ ಮುನ್ನ ಆ ಮುಳ್ಳಿನ ಹಿಂದೆ ಏನಿದೆ ಎಂದು ಒಮ್ಮೆ ನೋಡಬೇಕು. ಗೇರ್‌ಬಾಕ್ಸಿನ ಬಾಲದಲ್ಲಿ ಒಂದು ಸಣ್ಣ ಹಲ್ಲುಚಕ್ರ. ಅದಕ್ಕೆ ಸೇರಿದ ಉದ್ದನೆಯ ಕೇಬಲ್. ಹೊರಗೆ ಕವಚ, ಒಳಗೆ ತಿರುಗುವ ತಂತಿ. ಆ ತಂತಿಯ ಮೇಲ್ತುದಿ ಡ್ಯಾಶ್‌ಬೋರ್ಡಿನ ಹಿಂದೆ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತದ ಸುತ್ತ, ಅದಕ್ಕೆ ತಾಗದಂತೆ, ಒಂದು ಅಲ್ಯುಮಿನಿಯಂ ಬಟ್ಟಲು ಬೋರಲಾಗಿ ಕುಳಿತಿದೆ. ಮುಳ್ಳು ಅಂಟಿಕೊಂಡಿರುವುದು ಈ ಬಟ್ಟಲಿಗೆ. ಅಲ್ಯುಮಿನಿಯಂ ಅಯಸ್ಕಾಂತಕ್ಕೆ ಅಂಟುವ ಲೋಹವಲ್ಲವೆಂದು ಪ್ರೌಢಶಾಲೆಯ ಮಕ್ಕಳಿಗೂ ಗೊತ್ತು. ಆದರೂ ಅಯಸ್ಕಾಂತ ತಿರುಗಿದರೆ ಬಟ್ಟಲೂ ಹಿಂದೆಯೇ ಎಳೆದುಕೊಂಡು ಹೊರಡುತ್ತದೆ! ಫ್ರಾನ್ಸಿನ ಅರಾಗೊ 1824ರಲ್ಲಿ ತಾಮ್ರದ ತಟ್ಟೆಯಲ್ಲಿ ಇಂಥದೇ ಸೋಜಿಗ ಕಂಡ. ಕಾರಣ ಹೇಳಲು 1831ರಲ್ಲಿ ಫ್ಯಾರಡೆಯೇ ಬರಬೇಕಾಯಿತು. ಚಲಿಸುವ ಅಯಸ್ಕಾಂತವು ಲೋಹದೊಳಗೆ ನೀರಿನ ಸುಳಿಯಂತೆ ಸುತ್ತುವ ವಿದ್ಯುತ್ತನ್ನು ಹುಟ್ಟಿಸುತ್ತದೆ. ಈ ಸುಳಿ ಪ್ರವಾಹಕ್ಕೆ ತನ್ನದೇ ಕಾಂತತ್ವವಿದ್ದು, ಎರಡರ ಜಗ್ಗಾಟದಲ್ಲಿ ಬಟ್ಟಲು ತಿರುಗುತ್ತದೆ. ಬಟ್ಟಲು ಪೂರ್ತಿ ಸುತ್ತಿಬಿಡದಂತೆ ಕೂದಲೆಳೆಯಂಥ ಒಂದು ಸುರುಳಿ ಸ್ಪ್ರಿಂಗು ಹಿಡಿದಿರುತ್ತದೆ. ಕೇಬಲ್ ಎರಡರಷ್ಟು ಜೋರಾಗಿ ತಿರುಗಿದರೆ ಎಳೆತವೂ ಎರಡರಷ್ಟು, ಮುಳ್ಳೂ ಎರಡರಷ್ಟು ದೂರ. ಸ್ಟ್ರಾಸ್‌ಬರ್ಗಿನ ಒಟ್ಟೊ ಶುಲ್ಜೆ 1902ರಲ್ಲಿ ಪೇಟೆಂಟ್ ಪಡೆದ ಈ ಏರ್ಪಾಡು ಶತಮಾನದ ಕೊನೆಯವರೆಗೂ ಜಗತ್ತಿನ ಬಹುಪಾಲು ವಾಹನಗಳಲ್ಲಿ ಹಾಗೆಯೇ ನಡೆಯಿತು. ಹಿಂದೆ ಮನೆಮನೆಯ ವಿದ್ಯುತ್ ಮೀಟರಿನಲ್ಲಿ ತಿರುಗುತ್ತಿದ್ದ ಅಲ್ಯುಮಿನಿಯಂ ಚಕ್ರವೂ ಇದರ ಸೋದರನೇ.

ಮಾತಿಗೊಂದು ಮಾತು. ಭೌತಶಾಸ್ತ್ರದಲ್ಲಿ ದಿಕ್ಕು ಹೇಳಿದರೆ ಮಾತ್ರ ಅದು ವೇಗ, ದಿಕ್ಕಿಲ್ಲದ್ದು ಜವ. ಕಾರು ಚಿಂಚೋಳಿಗೆ ಹೋಗುತ್ತಿದೆಯೋ ಚಿತ್ತಾಪುರಕ್ಕೋ ಎಂದು ಈ ಮುಳ್ಳು ಹೇಳುವುದಿಲ್ಲವಾದ್ದರಿಂದ ಇದನ್ನು ಜವಮಾಪಕ ಎನ್ನಬೇಕು. ರಸ್ತೆಯಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ಇರಲಿ.

ಶಹಾಬಾದದ ಉಸ್ತಾದರು ಕಾರಿನ ಕೆಳಗೆ ಚಾಪೆ ಹಾಸಿ ಮಲಗಿದರು. ಈ ಭಾಗದಲ್ಲಿ ಕೈಕೆಲಸ ಬಲ್ಲ ಮೆಕ್ಯಾನಿಕ್ಕನಿಗೆ ಉಸ್ತಾದ್ ಎನ್ನುವುದೇ ಮರ್ಯಾದೆ. ಮೇಲ್ತುದಿಯನ್ನು ಮೀಟರಿನಿಂದ ಬಿಚ್ಚಿ, ಕಾರನ್ನು ಮೆಲ್ಲಗೆ ತಳ್ಳಿಸಿ, ತಂತಿ ತಿರುಗುತ್ತದೆಯೇ ಎಂದು ನೋಡಿದರು. ತಿರುಗುತ್ತಿತ್ತು, ಆದರೆ ತಡೆತಡೆದು. ಒಳತಂತಿಯನ್ನು ಎಳೆದು ತೆಗೆದಾಗ ಗ್ರೀಸಿನ ಜಾಗದಲ್ಲಿ ಬೂದುಬಣ್ಣದ ಗಟ್ಟಿ ಮುದ್ದೆ ಸಿಕ್ಕಿತು. ಕಲ್ಲಿನ ಧೂಳು ಗ್ರೀಸಿನಲ್ಲಿ ಕಲೆತರೆ ಆಗುವುದು ಸಾಣೆ ಹಿಡಿಯುವ ಮಸಾಲೆ.

"ತಂತಿ ಸಿಕ್ಕಿ ಸಿಕ್ಕಿ ಬಿಡ್ಲಾಕತ್ತದ ಸಾಹೇಬ್ರ, ಅದಕ್ಕ ಕಾಟಾ ಕುಣೀತದ" ಎಂದರು ಉಸ್ತಾದರು. ತಡೆದ ತಂತಿ ಸ್ಪ್ರಿಂಗಿನಂತೆ ಮುರಿಗೆಗೊಂಡು ಒಮ್ಮೆಲೇ ಬಿಚ್ಚಿಕೊಳ್ಳುವಾಗ ಮುಳ್ಳು ಜಿಗಿಯುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹೊಸ ಗ್ರೀಸು ಸವರಿದರು. ಆದರೆ ಕೆಳಗಿನ ಮೂರರಲ್ಲಿ ಎರಡು ಪಾಲಿಗಷ್ಟೇ. ಮೇಲಿನ ಭಾಗ ಒಣಗಿರಬೇಕು. ಇಲ್ಲವಾದರೆ ತಿರುಗುವ ತಂತಿಯ ಸುರುಳಿ ಗ್ರೀಸನ್ನು ಬಾವಿಯ ನೀರಿನಂತೆ ಮೇಲೆತ್ತಿ ಅಲ್ಯುಮಿನಿಯಂ ಬಟ್ಟಲಿಗೆ ಸುರಿಯುತ್ತದೆ. ಆಗ ಬಟ್ಟಲು, ಅಯಸ್ಕಾಂತ ಎರಡೂ ಅಂಟಿಕೊಂಡು ಮುಳ್ಳು ತುದಿಗೆ ಹೋಗಿ ನಿಂತುಬಿಡುತ್ತದೆ. ಕೇಬಲ್ ಡ್ಯಾಶ್‌ಬೋರ್ಡಿನ ಹಿಂದೆ ತೀರಾ ಮುರಿದಂತೆ ಬಾಗದ ಹಾಗೆ ನೋಡಿ ಜೋಡಿಸಿದರು.

ಮುಳ್ಳು ಈಗ ಕಲ್ಲಿನಂತೆ ನಿಂತಿತು. ಹಿರಿಯರಿಗೆ ಸಂತೋಷವಾಯಿತು. ಆದರೆ ಶಹಾಬಾದ ದಾಟಿದ ಕೂಡಲೇ ಮೊಮ್ಮಗ ಫೋನು ತೆಗೆದ.

"ಮುತ್ಯಾ, ಮುಳ್ಳು ನಲವತ್ತು ಅಂತದ. ಫೋನಿನ್ಯಾಗ ಐವತ್ತು ತೋರಸ್ಲಾಕತ್ತದ."

"ಫೋನಿನ ಮಾತು ಆಕಾಶದಾಗಿಂದು. ನಂಗ ನೆಲದ ಮ್ಯಾಲಿನ ಸಾಕ್ಷಿ ಬೇಕು" ಎಂದರು ಅಜ್ಜ.

ಹುಡುಗನ ಮಾತು ತೆಗೆದುಹಾಕುವಂಥದ್ದಲ್ಲ. ಉಪಗ್ರಹಗಳಿಂದ ಬರುವ ಅಲೆಗಳ ಆವರ್ತನದಲ್ಲಾಗುವ ಸೂಕ್ಷ್ಮ ವ್ಯತ್ಯಾಸದಿಂದ ಫೋನು ವೇಗವನ್ನು ಚೆನ್ನಾಗಿಯೇ ಲೆಕ್ಕ ಹಾಕುತ್ತದೆ. ಹಾಗೆಂದು ಅಜ್ಜನ ಮಾತೂ ಹಟವಲ್ಲ. ಒಂದು ಪೆಟ್ಟಿಗೆಯ ಮಾತನ್ನು ಇನ್ನೊಂದು ಪೆಟ್ಟಿಗೆಯ ಮಾತಿನಿಂದ ಅಳೆದರೆ ಸುಳ್ಳು ಯಾರದೆಂದು ಹೇಗೆ ತಿಳಿಯಬೇಕು? ಅಲ್ಲಿಂದ ಮುಂದೆ ಪ್ರಯಾಣವು ಪ್ರಯೋಗಶಾಲೆಯಾಯಿತು. ಗಮನಿಸಬೇಕಾದ್ದು ಇಷ್ಟು: ಕುಣಿಯುವ ಮುಳ್ಳನ್ನು ಯಾರೂ ನಂಬುವುದಿಲ್ಲ. ಸ್ಥಿರವಾಗಿ ನಿಂತು ತಪ್ಪು ಹೇಳುವ ಮುಳ್ಳನ್ನು ಎಲ್ಲರೂ ನಂಬುತ್ತಾರೆ. ರಿಪೇರಿಯಾದ ಮೇಲೆ ಕಾರು ಮೊದಲಿಗಿಂತ ಹೆಚ್ಚು ಅಪಾಯಕಾರಿಯಾಗಿತ್ತು.

ವಾಡಿಗೆ ಹೋಗುವ ದಾರಿ ಕಾಗಿಣಾ ನದಿಯನ್ನು ದಾಟುತ್ತದೆ. ಮಳೆಗಾಲದಲ್ಲಿ ಕೆಂಪಾಗಿ ಮೊರೆಯುವ ಹೊಳೆ ಆಗ ತಿಳಿಯಾಗಿತ್ತು. ವಾಡಿ ಹೆಸರಿಗೆ ಸಣ್ಣ ಊರಾದರೂ ರೈಲು ಭೂಪಟದಲ್ಲಿ ದೊಡ್ಡ ಚುಕ್ಕೆ. ಮುಂಬಯಿಯಿಂದ ಮದ್ರಾಸಿನ ಕಡೆಗೆ ಹೋಗುವ ಹಳಿಯಿಂದ ನಿಜಾಮರ ಸಿಕಂದರಾಬಾದಿಗೆ ಕವಲೊಡೆಯುವ ಮಾರ್ಗ 1874ರಲ್ಲಿ ಇಲ್ಲಿಂದಲೇ ಶುರುವಾಯಿತು. ಆ ಹಳಿ ಚಿತ್ತಾಪುರ, ಮಳಖೇಡ ರೋಡ್, ಸೇಡಂ ಮುಟ್ಟಿಕೊಂಡು ತಾಂಡೂರಿನ ಕಡೆಗೆ ಹೋಗುತ್ತದೆ. ಆ ದಾರಿಯ ರೈಲಿನಲ್ಲಿ ಕಿಟಕಿ ಪಕ್ಕ ಕುಳಿತ ವಿದ್ಯಾರ್ಥಿಗಳು ಗಡಿಯಾರ ಹಿಡಿದು, ಹಳಿಯ ಪಕ್ಕದ ಕಿಲೋಮೀಟರ್ ಫಲಕಗಳನ್ನು ಎಣಿಸಿ ರೈಲಿನ ಜವ ಕಂಡುಹಿಡಿಯಬಹುದು. ಖರ್ಚಿಲ್ಲದ ಪ್ರಯೋಗ, ಪ್ರಯಾಣದ ಬೇಸರಕ್ಕೂ ಮದ್ದು.

ವಾಡಿ ಬಿಟ್ಟ ಮೇಲೆ ಮೊದಲು ಪರೀಕ್ಷೆಗೆ ನಿಂತದ್ದು ಮುಳ್ಳಲ್ಲ, ಅದರ ಕೆಳಗಿನ ಅಂಕಿಗಳ ಸಾಲು. ದೂರ ತೋರಿಸುವ ಓಡೋಮೀಟರ್ ಮತ್ತು ಜವ ತೋರಿಸುವ ಮುಳ್ಳು ಒಂದೇ ಡಬ್ಬಿಯಲ್ಲಿದ್ದರೂ ಎರಡರ ಹುಟ್ಟುಗುಣ ಬೇರೆ. ಓಡೋಮೀಟರಿಗೆ ಕಾಂತವಿಲ್ಲ, ಸ್ಪ್ರಿಂಗಿಲ್ಲ. ಹಲ್ಲಿಗೆ ಹಲ್ಲು ಕೂಡಿದ ಶುದ್ಧ ಎಣಿಕೆ. ಕೇಬಲ್ ಇಷ್ಟು ಸುತ್ತು ತಿರುಗಿದರೆ ಒಂದು ಕಿ.ಮೀ., ಅಷ್ಟೇ. ಆದ್ದರಿಂದ ಕಾಯಿಲೆ ಎಲ್ಲಿದೆ ಎಂದು ಹುಡುಕುವವರು ಮೊದಲು ಕೇಳಬೇಕಾದ ಪ್ರಶ್ನೆ: ದೂರ ಸರಿಯಿದೆಯೇ? ದೂರ ಸರಿಯಿದ್ದು ಮುಳ್ಳು ತಪ್ಪಿದ್ದರೆ ದೋಷ ಡಬ್ಬಿಯ ಒಳಗಿದೆ. ಎರಡೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ದೋಷ ಡಬ್ಬಿಯ ಹೊರಗೆ, ಚಕ್ರದಲ್ಲೋ ಗೇರ್‌ಬಾಕ್ಸಿನ ಹಲ್ಲಿನಲ್ಲೋ ಇದೆ. ಎಷ್ಟೋ ಜನ ಈ ಪ್ರಶ್ನೆ ಕೇಳದೆಯೇ ಹೊಸ ಮೀಟರ್ ಕೊಂಡು ಹಾಕಿಸಿ, ಹೊಸ ಮೀಟರಿಗೂ ಬೈಯುತ್ತಾರೆ.

ಸಾಕ್ಷಿಗೆ ರಸ್ತೆ ಬದಿಯ ಕಿಲೋಮೀಟರ್ ಕಲ್ಲುಗಳಿದ್ದವು. ನಮ್ಮ ದೇಶದ 1956ರ ತೂಕ ಮತ್ತು ಅಳತೆ ಕಾಯಿದೆಯ ಫಲವಾಗಿ ಮೈಲಿಗಲ್ಲು ಹೋಗಿ ಕಿಲೋಮೀಟರ್ ಕಲ್ಲು ಬಂತು. ಅದಕ್ಕೂ ಮೊದಲು ಈ ಸೀಮೆಯ ಹಿರಿಯರು ದೂರವನ್ನು ಹರದಾರಿಯಲ್ಲಿ ಹೇಳುತ್ತಿದ್ದರು; ಒಂದು ಹರದಾರಿಗೆ ಹೆಚ್ಚುಕಡಿಮೆ ಮೂರು ಮೈಲಿ. ಕಲ್ಲಿನ ತಲೆಯ ಬಣ್ಣ ನೋಡಿಯೇ ರಸ್ತೆಯ ಜಾತಿ ಹೇಳಬಹುದು. ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ. ಎರಡು ದೊಡ್ಡ ಕಲ್ಲುಗಳ ನಡುವೆ ಇನ್ನೂರು ಮೀಟರಿಗೊಂದರಂತೆ 2, 4, 6, 8 ಎಂದು ಬರೆದ ಪುಟ್ಟ ಕಲ್ಲುಗಳೂ ಇರುತ್ತವೆ. ಹಾಗೆಂದು ಕಲ್ಲಿನ ಮಾತೂ ವೇದವಾಕ್ಯವಲ್ಲ. ರಸ್ತೆ ಅಗಲಿಸುವಾಗ ಕಲ್ಲು ಜರುಗಿರಬಹುದು, ತಿರುವು ನೇರ ಮಾಡಿದಾಗ ಅಂತರ ಕಡಿಮೆಯಾಗಿರಬಹುದು. ಅದಕ್ಕೇ ಒಂದು ಕಲ್ಲಿನಿಂದ ಇನ್ನೊಂದಕ್ಕೆ ಅಳೆಯದೆ ಹತ್ತು ಕಲ್ಲು ಎಣಿಸಬೇಕು. ಒಂದು ಕಲ್ಲು ಹತ್ತು ಮೀಟರ್ ಆಚೀಚೆಯಾಗಿದ್ದರೂ ಹತ್ತು ಕಿ.ಮೀ. ಲೆಕ್ಕದಲ್ಲಿ ಆ ತಪ್ಪು ಕರಗಿಹೋಗುತ್ತದೆ.

ಹತ್ತು ಕಲ್ಲು ದಾಟಿದಾಗ ಓಡೋಮೀಟರ್ ತೋರಿಸಿದ್ದು 9.5. ಹುಡುಗನ ನೋಟುಬುಕ್ಕಿನಲ್ಲಿ ಮೊದಲ ಸಾಲು ಬಿತ್ತು: ದೂರ, ನೂರಕ್ಕೆ ಐದು ಕಡಿಮೆ.

ಚಿತ್ತಾಪುರದಲ್ಲಿ ಚಹಾಕ್ಕೆ ನಿಂತರು. ಚಿತ್ತಾಪುರದ ಪಕ್ಕದಲ್ಲೇ ನಾಗಾವಿ. ಸಾವಿರ ವರ್ಷದ ಹಿಂದೆ ಅಲ್ಲೊಂದು ಘಟಿಕಾಸ್ಥಾನವಿತ್ತು. ಇಂದಿನ ಮಾತಿನಲ್ಲಿ ವಸತಿ ವಿದ್ಯಾಲಯ. 1058ರ ಶಾಸನವು ಅಲ್ಲಿನ ಪಾಠ, ವಿದ್ಯಾರ್ಥಿಗಳ ಜೊತೆಗೆ ಪುಸ್ತಕ ಭಂಡಾರ ನೋಡಿಕೊಳ್ಳುತ್ತಿದ್ದ ಆರು ಮಂದಿಯನ್ನೂ ಹೆಸರಿಸುತ್ತದೆ. ಇಂದು ಎಷ್ಟು ಕಾಲೇಜುಗಳಲ್ಲಿ ಆರು ಗ್ರಂಥಪಾಲಕರಿದ್ದಾರೆ ಎಂಬುದನ್ನು ಓದುಗರೇ ಯೋಚಿಸಬಹುದು.

ಚಹಾ ಆರುವಷ್ಟರಲ್ಲಿ ಹುಡುಗ ಡಿಕ್ಕಿ ತೆಗೆದು ಸ್ಟೆಪ್ನಿ ಚಕ್ರವನ್ನು ಹೊರಗೆ ಉರುಳಿಸಿದ. ಅದು ಕಾರಿನೊಂದಿಗೆ ಬಂದ ಮೂಲ ಅಳತೆಯ ಟೈರು. ದರ್ಜಿಯ ಟೇಪು ಸುತ್ತಿದಾಗ ಸುತ್ತಳತೆ 210 ಸೆಂಟಿಮೀಟರ್. ಓಡುತ್ತಿದ್ದ ಟೈರುಗಳು ನಾಲ್ಕು ವರ್ಷದ ಹಿಂದೆ ಹಾಕಿಸಿದವು. ಮೂಲ ಅಳತೆಯದು ಸಿಗದೆ, ಎರೆಭೂಮಿಯ ಕೆಸರಿಗೂ ಅನುಕೂಲವೆಂದು ತುಸು ಎತ್ತರದ್ದನ್ನೇ ಹಾಕಿಸಿದ್ದರು. ಅವುಗಳ ಸುತ್ತಳತೆ 221. ಇನ್ನೂರ ಹತ್ತನ್ನು ಇನ್ನೂರ ಇಪ್ಪತ್ತೊಂದರಿಂದ ಭಾಗಿಸಿದರೆ 0.95. ರಸ್ತೆಯ ಕಲ್ಲು ಹೇಳಿದ್ದನ್ನೇ ದರ್ಜಿಯ ಟೇಪು ಇನ್ನೊಂದು ಭಾಷೆಯಲ್ಲಿ ಹೇಳಿತು. ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ನೆಲ ತುಳಿಯುತ್ತದೆ, ಅಷ್ಟೇ ದೂರಕ್ಕೆ ಕಡಿಮೆ ಸುತ್ತುತ್ತದೆ. ಪಾಪ, ಮೀಟರ್ ಎಣಿಸುವುದು ಸುತ್ತನ್ನು, ನೆಲವನ್ನಲ್ಲ.

ಆದರೆ ನಲವತ್ತು ಮತ್ತು ಐವತ್ತರ ನಡುವಿನ ಅಂತರ ನೂರಕ್ಕೆ ಐದಲ್ಲ, ಇಪ್ಪತ್ತು. ಉಳಿದದ್ದು ಎಲ್ಲಿ ಹೋಯಿತು?

ಚಿತ್ತಾಪುರದಿಂದ ಮಳಖೇಡದ ಕಡೆಗಿನ ದಾರಿಯಲ್ಲಿ ಎರಡೂ ಬದಿ ತೊಗರಿ ಹಳದಿ ಹೂ ಬಿಟ್ಟು ನಿಂತಿತ್ತು. ವಾಹನ ಕಡಿಮೆ ಇದ್ದ ನೇರ ತುಂಡುಗಳನ್ನು ಆರಿಸಿ, ಅಜ್ಜ ಮುಳ್ಳನ್ನು ಒಂದೇ ಗೆರೆಯ ಮೇಲೆ ಹಿಡಿದರು. ಹುಡುಗ ಒಂದು ಕಲ್ಲಿನಿಂದ ಇನ್ನೊಂದರವರೆಗಿನ ಸೆಕೆಂಡುಗಳನ್ನು ಎಣಿಸಿದ. ಲೆಕ್ಕ ಬಹಳ ಸುಲಭ: ಒಂದು ಕಿ.ಮೀ.ಗೆ ಹಿಡಿದ ಸೆಕೆಂಡುಗಳಿಂದ 3600ನ್ನು ಭಾಗಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಎಂದು ಬರುತ್ತದೆ. ಮುಳ್ಳು 40ರಲ್ಲಿದ್ದಾಗ 72 ಸೆಕೆಂಡು, ಅಂದರೆ ನಿಜವಾದ ಜವ 50. ಮುಳ್ಳು 30ರಲ್ಲಿ 96 ಸೆಕೆಂಡು, ಅಂದರೆ 37.5. ಮುಳ್ಳು 20ರಲ್ಲಿ 144 ಸೆಕೆಂಡು, ಅಂದರೆ 25. ಒಂದೆರಡು ಸೆಕೆಂಡು ಹೆಚ್ಚುಕಡಿಮೆಯಾದ ಕಡೆ ಮತ್ತೊಮ್ಮೆ ಅಳೆದು ಸರಾಸರಿ ಹಿಡಿದರು. ಫೋನೂ ಅದನ್ನೇ ಹೇಳುತ್ತಿತ್ತು. ಅಜ್ಜ ಈಗ ಅದಕ್ಕೂ ತಲೆಯಾಡಿಸಿದರು.

ಮೂರು ಜೋಡಿ ಅಂಕಿಗಳನ್ನು ಗ್ರಾಫ್ ಹಾಳೆಯಲ್ಲಿ ಇಟ್ಟರೆ ಸೊನ್ನೆಯಿಂದ ಹೊರಟ ಒಂದು ನೇರ ಗೆರೆ ಬರುತ್ತದೆ. ಎಲ್ಲ ಕಡೆ ಒಂದೇ ಪ್ರಮಾಣ, 0.8. ಪ್ರಯೋಗದ ಪುಸ್ತಕಕ್ಕೆಂದು ಗೆರೆ ಎಳೆದು ಅಂಕ ಪಡೆದು ಮರೆಯುವ ಮಕ್ಕಳು ಇಲ್ಲೊಂದು ಕ್ಷಣ ನಿಲ್ಲಬೇಕು. ಈ ಗೆರೆ ರೋಗದ ಹೆಸರನ್ನೇ ಹೇಳುತ್ತದೆ. ಯಾರಾದರೂ ಮುಳ್ಳನ್ನು ಕಿತ್ತು ತಪ್ಪು ಜಾಗದಲ್ಲಿ ಒತ್ತಿದ್ದರೆ ಎಲ್ಲ ಜವದಲ್ಲೂ ಒಂದೇ ಅಂತರ, ಹತ್ತೋ ಎಂಟೋ, ಕಾಣುತ್ತಿತ್ತು. ಗೆರೆ ಸೊನ್ನೆಯ ಮೂಲಕ ಹಾಯುತ್ತಿರಲಿಲ್ಲ. ಬಟ್ಟಲಿನ ಸೂಜಿಮೊನೆ ಎಲ್ಲಾದರೂ ಹಿಡಿಯುತ್ತಿದ್ದರೆ ಗೆರೆ ನೇರವಾಗಿರುತ್ತಿರಲಿಲ್ಲ. ಪ್ರಮಾಣ ಎಲ್ಲ ಕಡೆ ಒಂದೇ ಆಗಿದ್ದರೆ ಎಳೆಯುವ ಶಕ್ತಿ ಕುಗ್ಗಿದೆ ಅಥವಾ ಹಿಡಿಯುವ ಸ್ಪ್ರಿಂಗು ಬಿಗಿಯಾಗಿದೆ ಎಂದರ್ಥ. ಸ್ಪ್ರಿಂಗು ತಾನಾಗಿ ಬಿಗಿಯಾಗುವುದು ಅಪರೂಪ. ಐದು ದಶಕದ ಬಿಸಿಲು, ಕುಲುಕಾಟಕ್ಕೆ ಅಯಸ್ಕಾಂತ ಸೋಲುವುದು ಸಹಜ.

ಈ ಇಪ್ಪತ್ತು ಅಷ್ಟೇನೂ ದೊಡ್ಡದಲ್ಲ ಎಂದು ಯಾರಾದರೂ ಅಂದುಕೊಂಡರೆ ಒಂದು ಲೆಕ್ಕ ನೋಡಲಿ. ಬ್ರೇಕು ಹಾಕಿದ ಮೇಲೆ ಕಾರು ಜಾರುವ ದೂರ ಜವದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ನಲವತ್ತೆಂದು ನಂಬಿ ಐವತ್ತರಲ್ಲಿ ಹೋಗುವವನಿಗೆ ನಿಲ್ಲಲು 16ರ ಜಾಗದಲ್ಲಿ 25 ಪಾಲು ನೆಲ ಬೇಕು. ಒಂದೂವರೆ ಪಟ್ಟಿಗೂ ಹೆಚ್ಚು. ಕೇಂದ್ರ ಸರಕಾರ 2018ರಲ್ಲಿ ಸಾಮಾನ್ಯ ರಸ್ತೆಗಳಲ್ಲಿ ಕಾರುಗಳಿಗೆ ಗೊತ್ತುಮಾಡಿದ ಗರಿಷ್ಠ ಮಿತಿ 70. ಈ ಮುಳ್ಳು ಅರವತ್ತು ತೋರಿಸಿದಾಗಲೇ ಕಾರು 75ರಲ್ಲಿರುತ್ತದೆ. ಸಿಮೆಂಟ್ ಲಾರಿಗಳ ನಡುವೆ, ಸೈಕಲ್ ತುಳಿಯುತ್ತ ಶಾಲೆಗೆ ಹೋಗುವ ಮಕ್ಕಳ ಪಕ್ಕದಲ್ಲಿ, ಕಿವಿ ಕೇಳದ ಚಾಲಕರು ನಂಬಿದ್ದು ಈ ಮುಳ್ಳನ್ನು.

ಮಳಖೇಡ ಎಂದರೆ ರಾಷ್ಟ್ರಕೂಟರ ಮಾನ್ಯಖೇಟ. ಕಾಗಿಣೆಯ ದಂಡೆಯ ಕೋಟೆ ಬಹುಪಾಲು ಬಿದ್ದಿದೆ, ಉಳಿದ ಬುರುಜಿನ ಮೇಲೆ ಹುಲ್ಲು ಬೆಳೆದಿದೆ. ಇಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಕವಿರಾಜಮಾರ್ಗದ ನೆಪದಲ್ಲಿ ಎಲ್ಲರೂ ನೆನೆಯುತ್ತಾರೆ. ಗಣಿತದ ಮೇಷ್ಟರುಗಳು ನೆನೆಯಬೇಕಾದ ಇನ್ನೊಬ್ಬರಿದ್ದಾರೆ. ಅವನ ಆಶ್ರಯದಲ್ಲಿ ಸುಮಾರು 850ರಲ್ಲಿ ಗಣಿತಸಾರಸಂಗ್ರಹವನ್ನು ಬರೆದ ಮಹಾವೀರಾಚಾರ್ಯರು. ಆ ಗ್ರಂಥದಲ್ಲಿ ತ್ರೈರಾಶಿಕವಿದೆ, ಅದರ ತಿರುಗುಮುರುಗಾದ ವ್ಯಸ್ತ ತ್ರೈರಾಶಿಕವೂ ಇದೆ. ಮುಳ್ಳು ನಲವತ್ತಕ್ಕೆ ಐವತ್ತಾದರೆ ಮೂವತ್ತಕ್ಕೆ ಎಷ್ಟು ಎನ್ನುವುದು ತ್ರೈರಾಶಿಕ. ಚಕ್ರ ದೊಡ್ಡದಾದರೆ ಸುತ್ತು ಕಡಿಮೆ ಎನ್ನುವುದು ವ್ಯಸ್ತ ತ್ರೈರಾಶಿಕ. ಕಾರಿನ ಕಾಯಿಲೆಗೆ ಬೇಕಾದ ಗಣಿತವೆಲ್ಲ ಆ ಕೋಟೆಯ ನೆರಳಿನಲ್ಲೇ ಇತ್ತು. ಹುಡುಗ ಬುರುಜಿನ ಕಲ್ಲಿನ ಮೇಲೆ ಕುಳಿತು ಕೊನೆಯ ಲೆಕ್ಕ ಮಾಡಿದ: 0.8ನ್ನು 0.95ರಿಂದ ಭಾಗಿಸಿದರೆ 0.84. ಅಂದರೆ ಟೈರಿನ ಪಾಲು ನೂರಕ್ಕೆ 5, ಮೀಟರ್ ಡಬ್ಬಿಯ ಪಾಲು ಸುಮಾರು 16. ಎರಡು ಕಾಯಿಲೆ ಒಂದರ ಬೆನ್ನ ಮೇಲೊಂದು ಕುಳಿತಿದ್ದವು.

ಅಲ್ಲಿಯೇ ಒಂದು ರಟ್ಟಿನ ಚೂರಿನ ಮೇಲೆ 20ಕ್ಕೆ 25, 30ಕ್ಕೆ 37, 40ಕ್ಕೆ 50 ಎಂದು ದಪ್ಪಕ್ಷರದಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿದರು. ಹಡಗುಗಳಲ್ಲಿ ದಿಕ್ಸೂಚಿಯ ಪಕ್ಕ ಇಂಥದೇ ತಿದ್ದುಪಡಿ ಪಟ್ಟಿ ಇಡುವ ಪದ್ಧತಿ ಇದೆ. ಹಡಗಿನ ಕಬ್ಬಿಣದಿಂದ ಸೂಜಿ ಎಷ್ಟು ಓರೆಯಾಗುತ್ತದೆಂದು ಅಳೆದು ಬರೆದಿಟ್ಟರೆ ಓರೆ ಸೂಜಿಯಿಂದಲೂ ಸಮುದ್ರ ದಾಟಬಹುದು.

ಸೇಡಂ ಹತ್ತಿರವಾದಂತೆ ಲಾರಿಗಳು ಹೆಚ್ಚಿದವು, ಸಿಮೆಂಟ್ ಕಾರ್ಖಾನೆಗಳ ಚಿಮಣಿಗಳು ಕಂಡವು. ಪೇಟೆಯಲ್ಲಿ ಮೋಟಾರಿಗೆ ತಂತಿ ಸುತ್ತುವ ಒಂದು ವೈಂಡಿಂಗ್ ಅಂಗಡಿ. ಲೂನಾ, ಸ್ಕೂಟರುಗಳ ಕಾಲದಲ್ಲಿ ಸೋತ ಅಯಸ್ಕಾಂತಗಳಿಗೆ 'ಚಾರ್ಜ್' ಮಾಡಿಕೊಡುವುದು ಇಂಥ ಅಂಗಡಿಗಳ ದಿನನಿತ್ಯದ ಕೆಲಸವಾಗಿತ್ತು. ಆ ದಪ್ಪ ಸುರುಳಿ ಇನ್ನೂ ಮೂಲೆಯಲ್ಲಿತ್ತು. ಅಂಗಡಿಯವರು ಮೀಟರ್ ಬಿಚ್ಚಿ, ಬಟ್ಟಲಿನ ಧೂಳನ್ನು ಮೆತ್ತಗಿನ ಕುಂಚದಿಂದ ತೆಗೆದರು. ಸ್ಪ್ರಿಂಗನ್ನು ಮುಟ್ಟಲಿಲ್ಲ. ಎಣ್ಣೆ ಬಿಡಿ ಎಂದ ಪಕ್ಕದವರ ಸಲಹೆಗೂ ಕಿವಿಗೊಡಲಿಲ್ಲ.

ಇಲ್ಲಿ ಹುಡುಗನ ತಲೆ ಚೆನ್ನಾಗಿ ಓಡಿತು. ಮೀಟರನ್ನು ಮೇಜಿನ ಮೇಲಿಟ್ಟು ಡ್ರಿಲ್ ಯಂತ್ರದಿಂದ ತಿರುಗಿಸಿದರೆ ಮುಳ್ಳು ಏಳುತ್ತದೆ, ಸರಿ. ಆದರೆ ಡ್ರಿಲ್ಲು ಎಷ್ಟು ಸುತ್ತುತ್ತಿದೆ ಎಂದು ತಿಳಿಯುವುದು ಹೇಗೆ? "ಓಡೋಮೀಟರೇ ಎಣಸ್ತದಲ್ಲ ಕಾಕಾ!" ಎಂದ. ಹೌದಲ್ಲ! ಒಂದು ನಿಮಿಷ ತಿರುಗಿಸಿ, ಅಂಕಿಗಳು ಎಷ್ಟು ಮುಂದೆ ಹೋದವೆಂದು ನೋಡಿದರೆ ಸಾಕು. 0.8 ಕಿ.ಮೀ. ಸರಿದಿದ್ದರೆ ಗಂಟೆಗೆ 48. ಮುಳ್ಳು ಆಗ ತೋರಿಸುತ್ತಿದ್ದುದು ನಲವತ್ತಕ್ಕೆ ತುಸು ಮೇಲೆ. ನಲವತ್ತೆಂಟರ 0.84 ಪಾಲು ಎಷ್ಟೆಂದು ಲೆಕ್ಕ ಮಾಡಿ ನೋಡಿ, ಬುರುಜಿನ ಮೇಲಿನ ಲೆಕ್ಕ ಮೇಜಿನ ಮೇಲೂ ನಿಂತಿತು.

ಸುರುಳಿಯೊಳಗೆ ಅಯಸ್ಕಾಂತವಿಟ್ಟು ಕ್ಷಣಕಾಲ ನೇರ ವಿದ್ಯುತ್ತು ಹಾಯಿಸಿದರು. ಮುಳ್ಳು ಈಗ ಅರವತ್ತರ ಹತ್ತಿರ ನೆಗೆಯಿತು. ಮೊದಲು ಹೆಚ್ಚು ತುಂಬಿ ಆಮೇಲೆ ಇಳಿಸುವುದೇ ಕ್ರಮ. ಸಣ್ಣ ಪರ್ಯಾಯ ವಿದ್ಯುತ್ತಿನಿಂದ ಇಷ್ಟಿಷ್ಟೇ ಶಕ್ತಿ ಕಳೆಯುತ್ತ, ಪ್ರತಿ ಸಲ ಡ್ರಿಲ್ಲಿಗೆ ಕೊಟ್ಟು ಒಂದು ನಿಮಿಷ ನೋಡುತ್ತ ಬಂದರು. ಎಲ್ಲಿ ನಿಲ್ಲಿಸಬೇಕು? ಮೀಟರಿನ 48 ಎಂದರೆ ದೊಡ್ಡ ಟೈರಿನ ಲೆಕ್ಕದಲ್ಲಿ ನೆಲದ ಮೇಲೆ 50ಕ್ಕೆ ತುಸು ಹೆಚ್ಚು. ಅಜ್ಜ 52ಕ್ಕೆ ನಿಲ್ಲಿಸಿ ಎಂದರು. ಅದಕ್ಕೆ ಆಧಾರವಿದೆ. ವಿಶ್ವಸಂಸ್ಥೆಯ ವಾಹನ ನಿಯಮಾವಳಿಯ 39ನೇ ನಿಯಮದ ಪ್ರಕಾರ ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆಯನ್ನು ಎಂದೂ ತೋರಿಸಕೂಡದು. ಹೆಚ್ಚು ತೋರಿಸಬಹುದು, ಅದೂ ನಿಜವಾದ ಜವದ ಹತ್ತನೇ ಒಂದು ಪಾಲು ಮತ್ತು ಮೇಲೆ ನಾಲ್ಕು ಕಿ.ಮೀ. ಮೀರದಂತೆ. ಹೊಸ ಕಾರುಗಳ ಮುಳ್ಳು ಫೋನಿಗಿಂತ ಮೂರು ನಾಲ್ಕು ಹೆಚ್ಚು ತೋರಿಸುವುದು ಇದೇ ಕಾರಣಕ್ಕೆ.

ಓಡೋಮೀಟರಿನ ಅಂಕಿಗಳನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಡಬ್ಬಿ ಬಿಚ್ಚಿದಾಗ ಅಂಕಿಚಕ್ರ ಹಿಂದಕ್ಕೆ ತಿರುಗಿಸಿ ಹಳೆಯ ಗಾಡಿಯನ್ನು ಹೊಸದೆಂದು ಮಾರುವವರಿದ್ದಾರೆ. ಅದು ರಿಪೇರಿಯಲ್ಲ, ಮೋಸ.

ಸೇಡಂನಿಂದ ಸುಲೇಪೇಟೆಯ ಮೇಲಿನ ದಾರಿ ನಿಧಾನವಾಗಿ ಬೇರೆ ನಾಡಿಗೆ ಕರೆದೊಯ್ಯುತ್ತದೆ. ಬಿಳಿ ಸುಣ್ಣದ ಕಲ್ಲು ಹಿಂದೆ ಉಳಿಯುತ್ತದೆ. ಮುಂದೆ ಎರೆಮಣ್ಣು, ಅಲ್ಲಲ್ಲಿ ಕೆಂಪು ಜಂಬಿಟ್ಟಿಗೆಯ ದಿಬ್ಬ, ತಾಂಡಾಗಳು, ದೂರದಲ್ಲಿ ಗುಡ್ಡದ ಸಾಲು. ಪ್ರಯಾಣ ಶುರುವಾದ ಮೇಲೆ ಅಜ್ಜ ಮೊದಲ ಬಾರಿಗೆ ಹೊಲಗಳ ಕಡೆ ನೋಡಿದರು. ಮುಳ್ಳನ್ನು ಐವತ್ತರಲ್ಲಿ ಹಿಡಿದಾಗ ಕಲ್ಲಿನಿಂದ ಕಲ್ಲಿಗೆ 74 ಸೆಕೆಂಡು ಬಂತು. ನಿಜವಾದ ಜವ ನಲವತ್ತೆಂಟೂವರೆಯ ಆಸುಪಾಸು. ರಟ್ಟಿನ ಪಟ್ಟಿಯನ್ನು ಹುಡುಗ ಕಿತ್ತು ನೋಟುಬುಕ್ಕಿನೊಳಗೆ ಇಟ್ಟುಕೊಂಡ.

ಚಿಂಚೋಳಿ ಎರಡು ಬಾರಿ, 1968ರಿಂದ 71ರವರೆಗೆ ಮತ್ತು 1989–90ರಲ್ಲಿ, ರಾಜ್ಯದ ಮುಖ್ಯಮಂತ್ರಿಯಾಗಿದ್ದ ವೀರೇಂದ್ರ ಪಾಟೀಲರ ಊರು. ಅಂಬಾಸಡರ್ ಎಂದರೆ ಸರಕಾರ, ಸರಕಾರವೆಂದರೆ ಅಂಬಾಸಡರ್ ಎಂಬ ಕಾಲವದು. ಬಸ್ ನಿಲ್ದಾಣದ ಬಳಿ ಕಾರು ನಿಧಾನಿಸಿದಾಗ ವಯಸ್ಸಾದ ಒಂದಿಬ್ಬರು ಎದ್ದು ನಿಂತದ್ದು ಆ ಅಭ್ಯಾಸಬಲದಿಂದಲೇ ಇರಬೇಕು. ಊರಾಚೆಗೆ ಚಂದ್ರಂಪಳ್ಳಿ ಜಲಾಶಯ, ಅದರಾಚೆ ತೆಲಂಗಾಣದ ಗಡಿಗೆ ತಾಗಿದ ಕುಂಚಾವರಂ ಕಾಡು. 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿತವಾದ ಈ ಸುಮಾರು 135 ಚದರ ಕಿ.ಮೀ. ಹಸಿರು ಬಿಸಿಲನಾಡಿನ ಮಕ್ಕಳಿಗೆ ತೋರಿಸಲೇಬೇಕಾದ ಜಾಗ. ಬೇಸಿಗೆಯಲ್ಲಿ ಅಲ್ಲ, ಮಳೆ ನಿಂತ ಮೇಲೆ ಹೋಗಬೇಕು. ಕಾಡಿನ ದಾರಿಯಲ್ಲಿ ತಿರುವು ಹೆಚ್ಚು. ಅಲ್ಲಿ ಮುಳ್ಳು ಇಪ್ಪತ್ತೈದನ್ನು ದಾಟಲಿಲ್ಲ.

ನೋಂದಣಿಯ ತಪಾಸಣೆ ಇನ್ನೂ ಬಾಕಿ ಇದೆ. ಕಾರಿಗೆ ಐವತ್ತು ತುಂಬಿದರೆ 2021ರ ನಿಯಮದಂತೆ ಪುರಾತನ ವಾಹನವೆಂದು ಬೇರೆ ಸಾಲಿನ ನೋಂದಣಿಗೂ ಅವಕಾಶವುಂಟು, ಆದರೆ ಅಂಥ ಗಾಡಿಯನ್ನು ದಿನನಿತ್ಯ ರಸ್ತೆಗೆ ಇಳಿಸುವಂತಿಲ್ಲವಾದ್ದರಿಂದ ಅಜ್ಜನಿಗೆ ಅದು ಬೇಡ. ಮುಂದಿನ ಸಲ ಟೈರು ಬದಲಿಸುವಾಗ 210 ಸೆಂಟಿಮೀಟರಿನದು ಸಿಕ್ಕರೆ ಓಡೋಮೀಟರ್ ತಾನಾಗಿಯೇ ಸರಿಹೋಗುತ್ತದೆ. ಮುಳ್ಳು ಮಾತ್ರ ಆಗ ನಿಜವಾದ 48ಕ್ಕೆ 52 ತೋರಿಸತೊಡಗುತ್ತದೆ. ನಿಯಮ ಒಪ್ಪುವಷ್ಟೇ ಹೆಚ್ಚು. ಅದನ್ನೂ ಹುಡುಗ ರಟ್ಟಿನ ಹಿಂಬದಿಯಲ್ಲಿ ತಾರೀಖು ಹಾಕಿ ಬರೆದಿಟ್ಟಿದ್ದಾನೆ.